ಪ್ರಶ್ನೆ ಕೇಳುವವಳ ಸೀಟು

ಹೊಸಪೇಟೆಯಿಂದ ಸಂಡೂರು ದಾಟಿ ಯಶವಂತನಗರಕ್ಕೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ ಜನ ನಿಂತುಕೊಂಡು ಬರುತ್ತಿದ್ದರು. ನನ್ನ ಪಕ್ಕದ ಸೀಟು ಮಾತ್ರ ಖಾಲಿ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರಾದರೂ ತಿಳಿಯದೆ ಅಲ್ಲಿ ಕೂರಲು ಹೋದರೆ ಹಿಂದಿನಿಂದ ಒಬ್ಬರು "ಅಲ್ಲಿ ಬ್ಯಾಡ, ಇತ್ಲಾಗ ಬರ್ರಿ" ಎಂದು ಕರೆದು, ತಾವೇ ಮುದುರಿಕೊಂಡು ಜಾಗ ಮಾಡಿ ಕೊಡುತ್ತಿದ್ದರು. ನಾನೇನೂ ಕಚ್ಚುತ್ತಿರಲಿಲ್ಲ. ನನಗೆ ಅಂಟುರೋಗವೂ ಇರಲಿಲ್ಲ. ನಾನು ಲ್ಯಾಬಿನವಳು, ಅಷ್ಟೇ.

ಅದಿರಿನ ಸ್ಯಾಂಪಲ್ಲು ಕುಟ್ಟಿ ಪುಡಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಗಣಿಗಾರಿಕೆಯ ಆ ಭರಾಟೆಯ ವರ್ಷಗಳಲ್ಲಿ ಅದಿರಿನ ಬೆಲೆ ನಿರ್ಧರಿಸುವ ಆ ಒಂದು ಅಂಕಿಗೆ, ಅಂದರೆ ಗ್ರೇಡಿಗೆ, ಎಲ್ಲಿಲ್ಲದ ಮರ್ಯಾದೆ ಬಂತು. ನಾನು ಸ್ವಲ್ಪ ಮೇಲೆ ಬರೆದರೆ ಒಬ್ಬರ ಮುಖ ಅರಳುತ್ತಿತ್ತು, ಸ್ವಲ್ಪ ಕೆಳಗೆ ಬರೆದರೆ ಇನ್ನೊಬ್ಬರದು ಬಾಡುತ್ತಿತ್ತು. ಹಾಗಾಗಿ ಲ್ಯಾಬಿನವರೊಡನೆ ಯಾರೂ ಸಲುಗೆಯಿಂದ ಇರಬಾರದು ಎಂಬ ಪದ್ಧತಿ ಬೆಳೆದಿತ್ತು. ಯಾವ ಬೋರ್ಡಿನ ಮೇಲೂ ಅದನ್ನು ಬರೆದಿರಲಿಲ್ಲ. ನನಗಿಂತ ಮುಂಚೆ ಇದ್ದ ಕೆಮಿಸ್ಟರೂ ಕ್ಯಾಂಟೀನಿನಲ್ಲಿ ಗೋಡೆ ಕಡೆ ಮುಖ ಮಾಡಿಯೇ ಊಟ ಮಾಡುತ್ತಿದ್ದರಂತೆ. ಅದರಲ್ಲೂ ಡಿಸ್ಪ್ಯಾಚಿನವರು, ಅಂದರೆ ಅದಿರನ್ನು ಲಾರಿಗೆ ತುಂಬಿಸಿ ಕಳಿಸುವ ವಿಭಾಗದವರು, ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಲ್ಯಾಬು, ಡಿಸ್ಪ್ಯಾಚು ಒಟ್ಟಿಗೆ ಚಹಾ ಕುಡಿದರೆ ಸಾಕು, ಗ್ರೇಡಿನಲ್ಲಿ ಏನೋ ಕೈಚಳಕ ನಡೆದಿದೆ ಎಂದು ಗುಸುಗುಸು ಹುಟ್ಟುತ್ತಿತ್ತು.

ಹೊಸಪೇಟೆಯಲ್ಲಿ ಒಂದು ಮಹಡಿ ಕೋಣೆಯಲ್ಲಿ ನಾನು ಒಬ್ಬಳೇ ಇದ್ದೆ. ಕಂಪ್ಲಿಯಲ್ಲಿ ಅಣ್ಣನ ಮನೆ ಇತ್ತು. ಹಬ್ಬಕ್ಕೆ ಹೋದರೆ ಅತ್ತಿಗೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು, ಹಬ್ಬದ ಮರುದಿನ "ಬಸ್ಸು ಎಷ್ಟೊತ್ತಿಗೆ ಐತ್ರಿ?" ಎಂದು ಅಷ್ಟೇ ಪ್ರೀತಿಯಿಂದ ಕೇಳುತ್ತಿದ್ದಳು. ಭಾನುವಾರ ಹಂಪಿಗೆ ಹೋಗಿ ಹೊಳೆ ದಂಡೆಯ ಬಂಡೆಯ ಮೇಲೆ ಕೂತು ಬರುತ್ತಿದ್ದೆ. ಒಬ್ಬಳೇ ಕೂತವಳು ಖಾಲಿ ಇರುತ್ತಾಳೆ ಎಂದು ಟೂರಿಸ್ಟರು ಕ್ಯಾಮೆರಾ ನನ್ನ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಆಡಿದ ಮಾತು ಎಂದರೆ "ಸ್ವಲ್ಪ ಹತ್ತಿರ ಹತ್ತಿರ ನಿಲ್ಲಿ" ಎಂಬುದೊಂದೇ ಆಗಿರುತ್ತಿತ್ತು.

ಇಂಥವಳಿಗೆ ಆ ಬಸ್ಸಿನಲ್ಲಿ ಒಂದು ಪದವಿ ಸಿಕ್ಕಿದ್ದು ಲಾರಿಗಳಿಂದ. ಊರು ಬಿಡುವ ಮುಂಚೆಯೇ ರೈಲ್ವೆ ಗೇಟಿನಲ್ಲಿ ಅದಿರಿನ ಗೂಡ್ಸು ಗಾಡಿ ಅಡ್ಡ ನಿಲ್ಲುತ್ತಿತ್ತು. ಅದನ್ನು ದಾಟಿದರೆ ಘಟ್ಟದಲ್ಲಿ ಲಾರಿಗಳ ಸಾಲು. ಯಾವುದೋ ಒಂದರ ಆಕ್ಸೆಲ್ ಮುರಿದರೆ ಮುಗಿಯಿತು, ನಮ್ಮ ಬಸ್ಸು ಅಲ್ಲಿಯೇ ಬೇರು ಬಿಡುತ್ತಿತ್ತು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಸೆಕೆ. ರಸ್ತೆ ಬದಿಯ ಬೇವಿನ ಮರ ಕೆಂಪು, ಅದರ ಕೆಳಗೆ ಮಲಗಿದ ನಾಯಿ ಕೆಂಪು, ಶಾಲೆಯ ಗೋಡೆ ಕೆಂಪು. ಬಿಳಿ ಅಂಗಿ ಹಾಕಿಕೊಂಡು ಬಂದವನನ್ನು ಇಡೀ ಬಸ್ಸು "ಮದುವಿಗೆ ಹೊಂಟೀರೇನು?" ಎಂದು ಚುಡಾಯಿಸುತ್ತಿತ್ತು.

ಹೊತ್ತು ಕಳೆಯಲು ಜನ ಪ್ರಶ್ನೋತ್ತರದ ಆಟ ಶುರು ಮಾಡಿದರು. ಡ್ರೈವರ್ ಸೈಡಿನ ಸೀಟುಗಳದು ಒಂದು ಪಾರ್ಟಿ, ಡೋರ್ ಸೈಡಿನದು ಇನ್ನೊಂದು. ವಿಷಯಗಳು ತಾವಾಗಿ ಮೂರಕ್ಕೆ ಬಂದು ನಿಂತವು. ಡ್ರೈವರ್ ಸೈಡಿನಲ್ಲಿ ಕ್ರಷರ್ ಮೆಷಿನ್ನಿನ ಫಿಟ್ಟರ್ ಒಬ್ಬ ಇದ್ದ. ಅವನ ಊಟದ ಚೀಲದಲ್ಲಿ ಯಾವಾಗಲೂ ಎಣ್ಣೆ ಕಲೆ ಬಿದ್ದ ಪತ್ತೇದಾರಿ ಕಾದಂಬರಿ ಇರುತ್ತಿತ್ತು, ಹಾಗಾಗಿ ಮೊದಲನೆಯದು ಕೊಲೆ ಕಥೆ. ಸಿನಿಮಾ ಹಾಡು ಎಲ್ಲರ ಆಸ್ತಿ, ಡ್ರೈವರನ ಟೇಪು ಇಡೀ ದಾರಿ ಬಾಯಿ ಮುಚ್ಚುತ್ತಿರಲಿಲ್ಲ. ಮೂರನೆಯದು ಹಕ್ಕಿಗಳು. ಅದಕ್ಕೆ ಕಾರಣ ಡೋರ್ ಸೈಡಿನ ಕೊನೆಯ ಸಾಲಿನಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದ ಡಿಸ್ಪ್ಯಾಚಿನ ಸೂಪರ್‌ವೈಸರು. ಬಸ್ಸಿನವರು ಅವರನ್ನು ಹಕ್ಕಿ ಸಾಹೇಬರು ಎಂದು ಕರೆಯುತ್ತಿದ್ದರು.

ಮೊದಮೊದಲು ಪ್ರಶ್ನೆ ಕೇಳುತ್ತಿದ್ದವನು ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ಅವನು ತನ್ನ ಪಾರ್ಟಿಗೆ ಸುಲಭದ್ದು, ಎದುರು ಪಾರ್ಟಿಗೆ ಕಷ್ಟದ್ದು ಕೇಳುತ್ತಾನೆ ಎಂದು ಒಂದು ದಿನ ಘಟ್ಟದಲ್ಲಿ ಕೈ ಕೈ ಮಿಲಾಯಿಸುವ ತನಕ ಹೋಯಿತು. ಆಗ ಫಿಟ್ಟರ್ ಎದ್ದು ನಿಂತು, "ಲೇ, ಸಾಕು ಮಾಡ್ರಲೇ. ಲ್ಯಾಬಿನ ಮೇಡಂ ಕೇಳಲಿ. ಅವರು ಯಾರ ಕಡೀನೂ ಇಲ್ಲ" ಎಂದ. ಬಸ್ಸು ತಿರುಗಿ ನನ್ನ ಕಡೆ ನೋಡಿತು. ನನಗೆ ಆದ ಖುಷಿಯನ್ನು ಈಗ ಹೇಳಿದರೆ ನಗು ಬರುತ್ತದೆ. ಯಾರ ಕಡೆಯೂ ಇಲ್ಲ ಎಂಬುದನ್ನು ಹೊಗಳಿಕೆ ಎಂದು ತಿಳಿದು ನಾನು ಕಿವಿಯವರೆಗೆ ಕೆಂಪಾದೆ.

ಅಂದಿನಿಂದ ನನ್ನ ಸಂಜೆಗಳಿಗೆ ಕೆಲಸ ಸಿಕ್ಕಿತು. ಹೊಸಪೇಟೆಯ ಲೈಬ್ರರಿಯಲ್ಲಿ ಕೂತು ಪ್ರಶ್ನೆ ಹೆಕ್ಕುತ್ತಿದ್ದೆ. ಕಹಿ ಬಾದಾಮಿಯ ವಾಸನೆ ಬರುವ ವಿಷ ಯಾವುದು ಎಂದು ಕೇಳಿದರೆ ಫಿಟ್ಟರ್ ನಾನು ಮುಗಿಸುವ ಮುಂಚೆಯೇ "ಸೈನೈಡು!" ಎನ್ನುತ್ತಿದ್ದ. ಆ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ, ಕೆಲವರಿಗೆ ಹುಟ್ಟಾ ಅದು ತಿಳಿಯುವುದೇ ಇಲ್ಲ ಎಂದು ನಾನು ಸೇರಿಸಿದಾಗ ಅವನು ತನ್ನ ಪತ್ತೇದಾರರ ಮೇಲೆಲ್ಲ ಅನುಮಾನ ಬಂದವನಂತೆ ಸಪ್ಪಗಾದ. ಪತ್ತೇದಾರಿ ಕಥೆಯಲ್ಲಿ ಓದುಗರ ದಾರಿ ತಪ್ಪಿಸಲು ಇಡುವ ಸುಳ್ಳು ಸುಳಿವಿಗೆ ಇಂಗ್ಲಿಷಿನಲ್ಲಿ ರೆಡ್ ಹೆರಿಂಗ್ ಎಂದು ಕೆಂಪು ಮೀನಿನ ಹೆಸರಿದೆ ಎಂದೆ. "ನಮ್ಮ ಕಡೆ ಎಲ್ಲಾ ಮೀನೂ ಕೆಂಪಾ ಅದಾವ್ರಿ ಮೇಡಂ" ಎಂದು ಡ್ರೈವರ್ ಸ್ಟೇರಿಂಗ್ ಬಡಿದು ನಕ್ಕ. ಸ್ಯಾಕ್ಸೊಫೋನನ್ನು ಹಿತ್ತಾಳೆಯಿಂದ ಮಾಡಿದರೂ ಮರದ ವಾದ್ಯಗಳ ಗುಂಪಿಗೆ ಏಕೆ ಸೇರಿಸುತ್ತಾರೆ ಎಂಬುದಕ್ಕೆ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದ ಎಲೆಕ್ಟ್ರಿಷಿಯನ್ ಉತ್ತರ ಹೇಳಿದ: ಊದುವ ಬಾಯಲ್ಲಿ ಬೆತ್ತದ ಪಟ್ಟಿ ಇರುತ್ತದೆ, ದನಿ ಹುಟ್ಟುವುದು ಅದರಿಂದ.

ಹಕ್ಕಿ ಪ್ರಶ್ನೆ ಮಾತ್ರ ಒಬ್ಬರಿಗೇ ಸೇರಿದ್ದು. ರಾಜಹಂಸದ ಬಣ್ಣ ಗುಲಾಬಿ ಏಕೆ? "ತಿನ್ನೋ ಸಿಗಡಿ, ಪಾಚಿಯಿಂದರೀ. ಬ್ಯಾರೆ ತಿನ್ನಿಸಿದ್ರ ಬಿಳಿಚಿಕೋತಾವು." ದರೋಜಿ ಕರಡಿಧಾಮದ ಬಂಡೆಗಳ ನಡುವೆ ಇರುವ, ಹೊರಗಿನವರು ಹುಡುಕಿಕೊಂಡು ಬರುವ ಹಕ್ಕಿ? "ಹಳದಿ ಗಂಟಲಿನ ಪಿಕಳಾರ. ಹೋದ ಆಯ್ತವಾರ ನೋಡಿ ಬಂದೀನ್ರಿ." ಅವರು ಎಮ್ಮಿಗನೂರಿನವರು, ಭತ್ತದ ಗದ್ದೆಯಲ್ಲಿ ಹಕ್ಕಿ ಓಡಿಸುತ್ತ ಹಕ್ಕಿಗಳ ಹುಚ್ಚು ಹಿಡಿಸಿಕೊಂಡವರು, ಮದುವೆಯಾಗಿರಲಿಲ್ಲ. ಇದೆಲ್ಲ ನನಗೆ ಬಸ್ಸಿನ ಮಾತಿನಿಂದ ಗೊತ್ತಾದದ್ದು. ಅವರಾಗಿ ನನಗೆ ಏನನ್ನೂ ಹೇಳಿರಲಿಲ್ಲ. ಅವರು ಡಿಸ್ಪ್ಯಾಚು, ನಾನು ಲ್ಯಾಬು. ಬಸ್ಸು ಹತ್ತುವಾಗ ಎಲ್ಲರಿಗೂ ಹೇಳುವ ನಮಸ್ಕಾರವನ್ನೂ ಅವರು ನನ್ನ ಸೀಟಿನ ಹತ್ತಿರ ಬಂದಾಗ ನುಂಗಿಬಿಡುತ್ತಿದ್ದರು. ಆದರೆ ನಾನು ಪ್ರಶ್ನೆ ಕೇಳಿದರೆ ಅವರು ಉತ್ತರ ಹೇಳಬೇಕಾಗುತ್ತಿತ್ತು. ಹಿಂದಿನಿಂದ ನಿಧಾನವಾಗಿ ಬರುವ ಆ ದನಿ ನನಗೆ ಬೇಕಾಗಿತ್ತು. ದಿನಕ್ಕೊಂದು ಹಕ್ಕಿ ಪ್ರಶ್ನೆಯನ್ನು ನಾನು ಆ ದನಿಗಾಗಿಯೇ ಇಟ್ಟುಕೊಳ್ಳುತ್ತಿದ್ದೆ. ಇದಕ್ಕೆ ಪ್ರೀತಿ ಎಂದು ಹೆಸರಿಡಲು ನನಗೆ ಆಗಲೂ ಸಂಕೋಚ, ಈಗಲೂ ಸಂಕೋಚ.

ಮುಂಗಾರಿಗೆ ಸ್ವಲ್ಪ ಮುಂಚಿನ ಒಂದು ಬೆಳಿಗ್ಗೆ ಬಸ್ಸು ಜೋಳದ ಹೊಲವೊಂದರ ಪಕ್ಕ ನಿಂತಿತ್ತು. ಹೊಲದಲ್ಲಿ ಒಬ್ಬ ಎತ್ತು ಕಟ್ಟಿ ಕುಂಟೆ ಹೊಡೆಯುತ್ತಿದ್ದ. ಎತ್ತುಗಳ ಹಿಂದೆ ಹುಳ ಹೆಕ್ಕುತ್ತ ಬೆಳ್ಳಕ್ಕಿಗಳು ಓಡಾಡುತ್ತಿದ್ದವು, ದನದ ಜೊತೆ ಇರುವುದರಿಂದ ಗೋವಕ್ಕಿ ಎನ್ನುತ್ತಾರಲ್ಲ, ಅವು. ಮೈ ಧೂಳು ಹಿಡಿದ ಮಾಸಲು ಬಿಳಿ, ತಲೆ ಕುತ್ತಿಗೆ ಮಾತ್ರ ಒಳ್ಳೆ ಕಾವಿ ಬಣ್ಣ. ನಾನು ಅಲ್ಲಿಯೇ ಪ್ರಶ್ನೆ ಮಾಡಿದೆ: "ಗೋವಕ್ಕಿಯ ತಲೆಗೆ ಈಗ ಈ ಬಣ್ಣ ಏಕೆ ಬಂದಿದೆ?"

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. "ಇದೂ ಒಂದು ಪ್ರಶ್ನಿ ಏನ್ರಿ ಮೇಡಂ? ಧೂಳು!" ಎರಡೂ ಪಾರ್ಟಿ ಒಂದೇ ಉತ್ತರ ಹೇಳಿದ್ದು ಆ ಬಸ್ಸಿನ ಚರಿತ್ರೆಯಲ್ಲಿ ಅದೇ ಮೊದಲು. ಬೇರೆ ಊರಿನವರಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲ. ನಮ್ಮ ಕಡೆ ಬಣ್ಣ ಎನ್ನುವುದು ಮೇಲಿನಿಂದ ಬಂದು ಕೂರುವ ವಸ್ತು. ಒಳಗಿನಿಂದಲೂ ಬರುತ್ತದೆ ಎಂಬುದು ಜನಕ್ಕೆ ಮರೆತೇ ಹೋಗಿತ್ತು.

ನಗು ಇಳಿಯುತ್ತಿದ್ದಂತೆ ಕೊನೆಯ ಸಾಲಿನಿಂದ ಹಕ್ಕಿ ಸಾಹೇಬರ ದನಿ ಬಂತು. "ಧೂಳಲ್ರೀ. ಜೋಡಿ ಹುಡುಕೋ ಕಾಲ ಇದು. ಮರಿ ಮಾಡೋ ಹೊತ್ತಿಗೆ ಅವಕ್ಕ ಈ ಬಣ್ಣ ಬರ್ತದ, ಆಮೇಲೆ ಹೋಗ್ತದ."

"ಸರಿ ಉತ್ತರ. ಡೋರ್ ಸೈಡಿಗೆ ಅಂಕ" ಎಂದೆ.

ಡ್ರೈವರ್ ಸೈಡಿನಲ್ಲಿ ಬೆಂಕಿ ಹತ್ತಿತು. ಕಣ್ಣೆದುರಿಗೆ ಕಾಣುವ ಧೂಳನ್ನು ಧೂಳಲ್ಲ ಎನ್ನುವುದೆಂದರೇನು! ಗಲಾಟೆಯ ನಡುವೆ ಟೈಮ್ ಆಫೀಸಿನ ಗುಮಾಸ್ತ, ತನ್ನ ಕೆಲಸ ನಾನು ಕಿತ್ತುಕೊಂಡ ಸಿಟ್ಟು ಇನ್ನೂ ಆರಿರಲಿಲ್ಲವೇನೋ, ಎಲ್ಲರಿಗೂ ಕೇಳುವಂತೆ ಹೇಳಿದ: "ದಿನಾ ಒಂದು ಹಕ್ಕಿ ಪ್ರಶ್ನಿ, ದಿನಾ ಒಬ್ಬರದಾ ಉತ್ತರ. ಲ್ಯಾಬು, ಡಿಸ್ಪ್ಯಾಚು ಮೊದ್ಲಾ ಮಾತಾಡಿಕೊಂಡು ಬರ್ತೀರೇನು?"

ಆ ಮಾತು ಹಕ್ಕಿಯದಲ್ಲ, ಗ್ರೇಡಿನದು ಎಂದು ಎಲ್ಲರಿಗೂ ಗೊತ್ತಿತ್ತು. ಅದು ಮ್ಯಾನೇಜರ ಕಿವಿಗೆ ಬಿದ್ದರೆ ಇಬ್ಬರ ಕೆಲಸಕ್ಕೂ ಕುತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ನಾಲಿಗೆ ಬಿಗಿಹಿಡಿದು ಮಾತಾಡ್ರಿ" ಎಂದೆ. ನಾನು ಹಿಂದೆ ತಿರುಗಿ ನೋಡಿದಾಗ ಹಕ್ಕಿ ಸಾಹೇಬರು ದುರ್ಬೀನನ್ನು ಚೀಲಕ್ಕೆ ಹಾಕುತ್ತಿದ್ದರು.

ಮರುದಿನದಿಂದ ಅವರು ಉತ್ತರ ಹೇಳುವುದನ್ನು ನಿಲ್ಲಿಸಿದರು. ನಾನು ಕೇಳುವುದನ್ನು ನಿಲ್ಲಿಸಲಿಲ್ಲ, ನನಗೂ ಹಟ. ತನ್ನ ಗೂಡಿನಲ್ಲಿ ಮೊಟ್ಟೆ ಇಡದ ಹಕ್ಕಿ ಯಾವುದು ಎಂದು ಮಕ್ಕಳಿಗೂ ಗೊತ್ತಿರುವುದನ್ನು ಕೇಳಿದೆ. ಯಾರೋ "ಕೋಗಿಲಿ" ಎಂದರು. ಅವರಲ್ಲ. ನಾನು ಪ್ರಶ್ನೆ ಮುಗಿಸಿ ಒಂದು ಕ್ಷಣ ಕಾಯುತ್ತಿದ್ದೆ, ಹಿಂದೆ ಬರೀ ಎಂಜಿನ್ನಿನ ಸದ್ದು. ಸಂಜೆ ಕೋಣೆಗೆ ಬಂದು ಅಕ್ಕಿ ತೊಳೆಯುವಾಗ ಕೆಂಪು ನೀರು ಹರಿಯುತ್ತಿದ್ದದ್ದು ಅಕ್ಕಿಯಿಂದಲ್ಲ, ನನ್ನ ಕೈಯಿಂದ. ಅದನ್ನು ನೋಡಿ ನನಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ಕಾರಣವಿಲ್ಲದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಮಳೆ ಬಂತು. ಮೊದಲ ಎರಡು ದಿನ ಹನಿದು, ಮೂರನೆಯ ದಿನ ಧೋ ಎಂದು ಸುರಿದು, ಜಗತ್ತನ್ನು ತಿಕ್ಕಿ ತೊಳೆಯಿತು. ಬೇವಿನ ಮರ ಹಸಿರು ಎಂದು ಗೊತ್ತಾಯಿತು. ನಮ್ಮ ಬಸ್ಸಿನ ಮೇಲೆ ನೀಲಿ ಪಟ್ಟೆ ಇದೆ ಎಂದು ಹೊಸಬರಿಗೆ ಆಗಲೇ ತಿಳಿದದ್ದು. ಅದೇ ಜೋಳದ ಹೊಲದ ಹತ್ತಿರ ಬಸ್ಸು ನಿಂತಾಗ ಗೋವಕ್ಕಿಗಳು ಅಲ್ಲಿಯೇ ಇದ್ದವು. ಮೈ ಹಾಲಿನಂತೆ ಬಿಳಿ, ತಲೆ ಕುತ್ತಿಗೆ ಮೊದಲಿಗಿಂತ ಗಾಢ ಕಾವಿ. ಬಸ್ಸು ಒಂದು ಬದಿಗೆ ವಾಲುವಷ್ಟು ಜನ ಕಿಟಕಿಗೆ ಬಂದು ನೋಡಿದರು. ಫಿಟ್ಟರ್ ಬಹಳ ಹೊತ್ತು ಮೀಸೆ ತೀಡಿ, "ನಾವಾ ಸುಳ್ಳು ಸುಳಿವಿಗೆ ಬಿದ್ವಿ ಬಿಡ್ರಿ. ಸಾಕ್ಷಿ ತೊಳದ ಮ್ಯಾಲೂ ಬಣ್ಣ ಹೋಗಲಿಲ್ಲ" ಎಂದು ತೀರ್ಪು ಕೊಟ್ಟ. ಗುಮಾಸ್ತ ಕಿಟಕಿಗೆ ಬರಲೇ ಇಲ್ಲ. ಹಕ್ಕಿ ಸಾಹೇಬರು ಹಕ್ಕಿಗಳನ್ನು ನೋಡಿದರು, ದುರ್ಬೀನನ್ನು ಚೀಲದಿಂದ ತೆಗೆಯಲಿಲ್ಲ. ಹಕ್ಕಿಯ ವಿಷಯದಲ್ಲಿ ಅವರು ಗೆದ್ದಿದ್ದರು. ಆದರೆ ಗುಮಾಸ್ತ ಎತ್ತಿದ ಅನುಮಾನ ಹಕ್ಕಿಯ ವಿಷಯದ್ದಲ್ಲವಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅದಿರು ಕೊಳ್ಳುವವರು ಹೊಸ ವರಸೆ ತೆಗೆದರು. ಗಣಿಯ ಲ್ಯಾಬಿನ ಅಂಕಿ ನಮಗೆ ಬೇಡ, ಹೊರಗಿನ ಲ್ಯಾಬಿನದೇ ಬೇಕು ಎಂದರು. ಗ್ರೇಡು ಹೇಳುವ ಕೆಲಸ ನನ್ನ ಕೈ ತಪ್ಪಿತು. ನನಗೆ ಕಾಲೋನಿಯ ಕುಡಿಯುವ ನೀರು ಪರೀಕ್ಷಿಸುವ ಕೆಲಸ ಕೊಟ್ಟರು. ಇನ್ನೊಬ್ಬರಾಗಿದ್ದರೆ ಬೇಸರ ಪಡುತ್ತಿದ್ದರು. ನಾನು ಆ ಆರ್ಡರನ್ನು ಓದಿ ಲ್ಯಾಬಿನ ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ. ನೀರಿನ ಹತ್ತಿರ ಕೂತರೆ ಯಾರಿಗೆ ಏನು ಅನುಮಾನ? ಇನ್ನು ನನ್ನ ಪಕ್ಕ ಯಾರು ಬೇಕಾದರೂ ಕೂರಬಹುದಿತ್ತು.

ಮರುದಿನ ಬಸ್ಸಿನಲ್ಲಿ ಆಟ ಶುರುವಾಗುವ ಮುಂಚೆ, ಯಾರಿಗೋ ಹೇಳುವಂತೆ ಎಲ್ಲರಿಗೂ ಹೇಳಿದೆ: "ಇನ್ಮೇಲೆ ಗ್ರೇಡು ನಂದಲ್ರಪ್ಪ. ನಾನು ನೀರಿನವಳು." ಜನ "ಹೌದೇನ್ರಿ, ಚಲೋ ಆತು, ತಲಿಬ್ಯಾನಿ ಹೋತು" ಎಂದರು. ಅಷ್ಟರಲ್ಲಿ ಕೊನೆಯ ಸಾಲಿನಿಂದ, ಎಷ್ಟೋ ತಿಂಗಳ ಮೇಲೆ, ಆ ದನಿ ಬಂತು. "ಹಂಗಾದ್ರ ಹಕ್ಕಿ ಪ್ರಶ್ನಿ ಕೇಳ್ರಿ ಮೇಡಂ. ಇನ್ನೇನು ಅಂಜಿಕಿ?" ಹಕ್ಕಿ ಸಾಹೇಬರು ಅಷ್ಟು ಜನರ ಎದುರು, ನಾನು ಕೇಳದೆ, ತಾವಾಗಿಯೇ ನನ್ನೊಡನೆ ಮಾತಾಡಿದ್ದರು. ನಾನು ಅದನ್ನು ಕರೆ ಎಂದುಕೊಂಡೆ.

ಮಾರನೆಯ ದಿನ ಪಕ್ಕದ ಸೀಟಿನ ಮೇಲೆ ಇಡುತ್ತಿದ್ದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸೀಟು ಒರೆಸಿದೆ. ಜನ ಹತ್ತಿದರು, ನಗುತ್ತ ನಮಸ್ಕಾರ ಹೇಳಿದರು, ಹಿಂದೆ ಹೋದರು. ಹಕ್ಕಿ ಸಾಹೇಬರೂ ಈಗ ನುಂಗದೆ, ಪೂರ್ತಿ ನಮಸ್ಕಾರ ಹೇಳಿ, ಹಿಂದೆ ಹೋದರು. ಆ ವಾರವೆಲ್ಲ ಹೀಗೇ ಆಯಿತು. ಅಭ್ಯಾಸ ಬಿಡಲು ಹೊತ್ತು ಬೇಕು ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ನನಗೇ ಸಿಟ್ಟು ಬಂತು. ಅವರು ಬರದಿದ್ದರೆ ನನಗೆ ಕಾಲಿಲ್ಲವೇ?

ಘಟ್ಟದಲ್ಲಿ ಬಸ್ಸು ನಿಂತಾಗ ನಾನು ಎದ್ದು ಹಿಂದಕ್ಕೆ ನಡೆದೆ. ಚಪ್ಪಲಿಯ ಸದ್ದು ನನಗೇ ಜೋರಾಗಿ ಕೇಳುತ್ತಿತ್ತು. ಕೊನೆಯ ಸಾಲಿನ ಹತ್ತಿರ ನಿಂತು, "ಇವತ್ತು ನಾನೂ ಆಡ್ತೀನಿ, ಡೋರ್ ಸೈಡು" ಎಂದೆ. ಹಕ್ಕಿ ಸಾಹೇಬರು ಗಡಬಡಿಸಿ ಕಿಟಕಿಗೆ ಸರಿದು, "ಕುಂದ್ರಿ, ಕುಂದ್ರಿ" ಎಂದರು. ಕೂತೆ. ಅವರ ಅಂಗಿಯಿಂದ ಸಾಬೂನು ಮತ್ತು ವಿಭೂತಿಯ ವಾಸನೆ ಬರುತ್ತಿತ್ತು. ಅಷ್ಟು ಹತ್ತಿರ ಒಬ್ಬರು ಕೂತು ಎಷ್ಟು ಕಾಲವಾಗಿತ್ತೋ, ನನ್ನ ಕೈಯನ್ನು ಎಲ್ಲಿ ಇಡಬೇಕು ಎಂದೇ ತಿಳಿಯಲಿಲ್ಲ.

ಪ್ರಶ್ನೆ ಯಾರು ಕೇಳುವುದು? ಗುಮಾಸ್ತ ತಾನು ಎಂದ, ಡೋರ್ ಸೈಡು ಬೇಡ ಎಂದಿತು. ಎಲೆಕ್ಟ್ರಿಷಿಯನ್ ಎದ್ದು ಒಂದು ಹಾಡಿನ ಪ್ರಶ್ನೆ ಕೇಳಿದ. ನನಗೆ ಉತ್ತರ ಗೊತ್ತಿತ್ತು, ಆಸೆಯಿಂದ ಹೇಳಿಬಿಟ್ಟೆ. "ಮೇಡಂ ಆ ಪಾರ್ಟಿಗೆ ಹೋದ್ರ ನಾವು ಆಡಾಂಗಿಲ್ಲ. ಅವರಿಗೆ ಎಲ್ಲಾ ಗೊತ್ತಿರ್ತದ" ಎಂದು ಡ್ರೈವರ್ ಸೈಡು ತಕರಾರು ತೆಗೆಯಿತು. ಹಾಗಾದರೆ ಆ ಕಡೆ ಹೋಗಲಿ ಎಂದರೆ ಡೋರ್ ಸೈಡು ಒಪ್ಪಲಿಲ್ಲ. ಯಾರೂ ಸಿಟ್ಟಾಗಿರಲಿಲ್ಲ, ಆಟ ಮುರಿದಿತ್ತು ಅಷ್ಟೇ. ನಾನು ಹಕ್ಕಿ ಸಾಹೇಬರ ಕಡೆ ತಿರುಗಿ, ಏನಾದರೂ ಮಾತಾಡಬೇಕಲ್ಲ ಎಂದು, "ಈ ಸಲ ಊರಲ್ಲಿ ಭತ್ತ ಹೇಗಿದೆ?" ಎಂದು ಕೇಳಿದೆ. "ಐತ್ರಿ, ಚಲೋ ಐತಿ" ಎಂದರು. ಅವರು ಕಿಟಕಿಯಾಚೆ ನೋಡಿದರು, ನಾನು ನನ್ನ ಚೀಲ ನೋಡಿದೆ.

ಫಿಟ್ಟರ್ ಮೆತ್ತಗೆ ಹೇಳಿದ: "ಮೇಡಂ, ಮುಂದ ಹೋಗ್ರಿ. ನೀವು ಅಲ್ಲಿದ್ರಾ ಸರಿ." ನಾನು ಏಳಲಿಲ್ಲ. ಪಕ್ಕದವರ ಬಾಯಿಂದ ಒಂದು ಮಾತು ಬರಲಿ ಎಂದು ಕಾದೆ. ಇಲ್ಲೇ ಕುಂದ್ರಿ ಎಂದರೆ ಸಾಕಿತ್ತು, ಆಟ ಹಾಳಾಗಿ ಹೋಗಲಿ.

ಹಕ್ಕಿ ಸಾಹೇಬರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಿಜವಾದ ಅಕ್ಕರೆ ಇತ್ತು. "ಹೋಗ್ರಿ ಮೇಡಂ" ಎಂದರು. "ನೀವು ಇಲ್ಲಿ ಕುಂತ್ರ ನನಗ ಹಕ್ಕಿ ಪ್ರಶ್ನಿ ಯಾರು ಕೇಳ್ತಾರ?"

ಇಷ್ಟು ವರ್ಷ ನಾನು ಪದ್ಧತಿಯನ್ನು ಬೈದುಕೊಂಡಿದ್ದೆ. ಪದ್ಧತಿ ಹೋಗಿತ್ತು, ಸೀಟು ಖಾಲಿಯೇ ಇತ್ತು. ಅವರಿಗೆಲ್ಲ ನಾನು ಬೇಕಾಗಿದ್ದೆ, ನಿಜವಾಗಿಯೂ ಬೇಕಾಗಿದ್ದೆ, ಆದರೆ ಅಷ್ಟು ದೂರದಲ್ಲಿ.

ಎದ್ದು ಮುಂದಕ್ಕೆ ಬಂದು ಕೂತೆ. ಬಸ್ಸಿಗೆ ಜೀವ ಬಂತು. ಒಂದು ಕೊಲೆಯ ಪ್ರಶ್ನೆ ಕೇಳಿದೆ, ಒಂದು ಹಾಡಿನದು, ಮತ್ತೆ ಕೊಲೆ, ಮತ್ತೆ ಹಾಡು. ಸಂಡೂರು ದಾಟಿದ ಮೇಲೆ ಹಿಂದಿನಿಂದ "ಮೇಡಂ, ಹಕ್ಕಿ?" ಎಂದು ಕೇಳಿಸಿತು. ಕೇಳಿಸದವಳಂತೆ ಮುಂದಿನ ಲಾರಿಯನ್ನು ನೋಡುತ್ತ ಕೂತೆ. ಯಶವಂತನಗರ ಬರುವವರೆಗೂ ನಾನು ಹಕ್ಕಿಯ ಹೆಸರು ಎತ್ತಲಿಲ್ಲ.

ಮರುದಿನ ಕೇಳಿದೆ. ಕೇಳದೆ ಏನು ಮಾಡಲಿ, ನನಗೆ ಆ ದನಿ ಕೇಳಬೇಕಾಗಿತ್ತು.